700 ಗ್ರಾಂಗೆ ಮೂರನೇ ಸ್ಥಾನ ಹೋಯ್ತು, ಕೋಟಿ ಖರ್ಚಿಗೆ ಕಪ್ ಯಾಕೆ ಹೋಗಲಿಲ್ಲ?

ಪ್ರಶ್ನೆ: ನನ್ನ ಮಗನಿಗೆ 13 ವರ್ಷ. ಎರಡು ವರ್ಷದಿಂದ ಕಾರ್ಟಿಂಗ್ (ಸಣ್ಣ ರೇಸ್ ಗಾಡಿಗಳ ಓಟ) ಮಾಡುತ್ತಿದ್ದಾನೆ. ಕಳೆದ ರೇಸ್‌ನಲ್ಲಿ ಮೂರನೆಯವನಾಗಿ ಬಂದ. ರೇಸ್ ಮುಗಿದ ಮೇಲೆ ತೂಕ ಹಾಕಿದಾಗ ಗಾಡಿ, ಅವನು ಎರಡೂ ಸೇರಿ ಇರಬೇಕಾದ ಕನಿಷ್ಠ ತೂಕಕ್ಕಿಂತ 700 ಗ್ರಾಂ ಕಡಿಮೆ ಬಂತು. ಅಲ್ಲೇ ಡಿಸ್‌ಕ್ವಾಲಿಫೈ ಮಾಡಿದರು. ನಾವು ಬೇಕಂತ ಏನೂ ಮಾಡಿರಲಿಲ್ಲ. ಅವತ್ತು ರಾತ್ರಿ ಅವನು ಊಟ ಮಾಡಲಿಲ್ಲ. "ಅಪ್ಪಾ, ಫಾರ್ಮುಲಾ 1ರಲ್ಲಿ ರೆಡ್ ಬುಲ್‌ನವರು ಕೋಟಿಗಟ್ಟಲೆ ಜಾಸ್ತಿ ಖರ್ಚು ಮಾಡಿ ಸಿಕ್ಕಿಬಿದ್ದರೂ ಚಾಂಪಿಯನ್‌ಶಿಪ್ ಅವರ ಹತ್ತಿರಾನೇ ಇದೆ. ನನಗೆ ಮಾತ್ರ ಯಾಕೆ ಹಿಂಗೆ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ದೊಡ್ಡ ಟೀಮ್‌ಗೊಂದು ನ್ಯಾಯ, ಸಣ್ಣವರಿಗೊಂದು ನ್ಯಾಯವಾ? ಇನ್ನೊಂದು ವಿಷಯ. ಎರಡನೇ ಸ್ಥಾನ ಬಂದ ಹುಡುಗನ ಎಂಜಿನ್ ಸೀಲ್ (ಯಾರೂ ಒಳಗೆ ಕೈ ಹಾಕಬಾರದು ಅಂತ ಹಾಕುವ ಮುದ್ರೆ) ಬಿಚ್ಚಿದ್ದಾರೆ ಅಂತ ಪ್ಯಾಡಾಕ್‌ನಲ್ಲಿ ಎಲ್ಲರೂ ಮಾತಾಡುತ್ತಿದ್ದಾರೆ. ದೂರು ಕೊಡಬೇಕಾ, ಸುಮ್ನೆ ಇರಬೇಕಾ? — ದಾವಣಗೆರೆಯ ಓದುಗರು

ಉತ್ತರ: ನಿಮ್ಮ ಮಗ ಕೇಳಿದ ಪ್ರಶ್ನೆ ಚಿಕ್ಕದಲ್ಲ. ಈ ಕ್ರೀಡೆಯ ದೊಡ್ಡ ದೊಡ್ಡ ವಕೀಲರು ಇದೇ ಪ್ರಶ್ನೆ ಹಿಡಿದು ಪ್ಯಾರಿಸ್‌ನ ವಿಚಾರಣಾ ಕೋಣೆಗಳಲ್ಲಿ ವಾದ ಮಾಡಿದ್ದಾರೆ. ನಾನು ಬಹಳ ವರ್ಷ ನಮ್ಮ ದೇಶದ ರೇಸ್ ಮತ್ತು ರ‍್ಯಾಲಿಗಳಲ್ಲಿ ಸ್ಕ್ರೂಟಿನಿಯರ್ ಆಗಿ ಕೆಲಸ ಮಾಡಿದ್ದೇನೆ. ಅಂದರೆ ಗಾಡಿ ನಿಯಮದ ಪ್ರಕಾರ ಇದೆಯಾ ಅಂತ ಅಳೆದು, ತೂಗಿ, ಬಿಚ್ಚಿ ನೋಡುವ ಕೆಲಸ. ಆ ಕೆಲಸದಲ್ಲಿ ನನಗೆ ಅತಿ ಕಷ್ಟ ಅನ್ನಿಸಿದ್ದು ತೂಕದ ಮೆಷಿನ್ ಪಕ್ಕ ಹೆಲ್ಮೆಟ್ ತೆಗೆಯದೆ ನಿಂತು ಅಳುವ ಮಕ್ಕಳ ಮುಖ ನೋಡುವುದು. ಹಾಗಾಗಿ ಅವನಿಗೆ ಸರಿಯಾದ ಉತ್ತರ ಸಿಗಬೇಕು ಅಂತಲೇ ಇದನ್ನು ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಅವನ ಪ್ರಶ್ನೆ ಒಂದೇ ಅನ್ನಿಸಿದರೂ ಅದರೊಳಗೆ ಎರಡು ಪ್ರಶ್ನೆ ಇವೆ. ಗಾಡಿ ನಿಯಮದೊಳಗೆ ಇತ್ತಾ ಅನ್ನುವುದು ಒಂದು. ಆ ಗಾಡಿಯ ಹಿಂದಿದ್ದ ಜನ ಏನು ಮಾಡಿದರು ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ತೂಕದ ಮೆಷಿನ್ನು, ಗೇಜು ಉತ್ತರ ಹೇಳುತ್ತವೆ. ಎರಡನೆಯದಕ್ಕೆ ಮನುಷ್ಯರು ಕೂತು ಕಾಗದ, ಇಮೇಲು, ಸಾಕ್ಷಿ ಎಲ್ಲ ನೋಡಬೇಕು. ರೇಸಿಂಗ್‌ನಲ್ಲಿ ಅನ್ಯಾಯವಾಯ್ತು ಅಂತ ಗಲಾಟೆ ಎದ್ದಾಗಲೆಲ್ಲ ನಾವು ಈ ಎರಡನ್ನೂ ಕಲಸಿಬಿಡುತ್ತೇವೆ.

ನಿಮ್ಮ ಮಗನದು ಮೊದಲನೇ ತರಹದ್ದು. ಅಲ್ಲಿ "ಬೇಕಂತ ಮಾಡಿಲ್ಲ" ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. "ಇದರಿಂದ ನಮಗೇನೂ ಲಾಭ ಆಗಿಲ್ಲ" ಅನ್ನುವುದೂ ಬರುವುದಿಲ್ಲ. ವಿಶ್ವ ಮೋಟಾರ್ ಕ್ರೀಡೆಯ ಆಡಳಿತ ಸಂಸ್ಥೆ ಎಫ್‌ಐಎಯ ಮೂಲ ನಿಯಮದಲ್ಲೇ ಇದು ಸ್ಪಷ್ಟವಾಗಿದೆ. ಕಾರು ತಾಂತ್ರಿಕ ನಿಯಮಕ್ಕೆ ಹೊಂದದಿದ್ದರೆ, ಅದರಿಂದ ವೇಗ ಹೆಚ್ಚಲಿಲ್ಲ ಅನ್ನುವ ವಾದ ನಡೆಯುವುದಿಲ್ಲ.

ಇದು ಸಣ್ಣವರಿಗೆ ಮಾತ್ರ ಅಂತ ಅವನು ಅಂದುಕೊಂಡಿದ್ದರೆ ಸ್ಪಾ ರೇಸ್ ಕಥೆ ಹೇಳಿ. 2024ರ ಜುಲೈ 28. ಫಾರ್ಮುಲಾ 1 (ಎಫ್1) ಸರಣಿಯ ಬೆಲ್ಜಿಯಂ ಗ್ರ್ಯಾನ್ ಪ್ರಿ. ಬೇರೆ ಹೆಚ್ಚಿನವರು ಟಯರ್ ಬದಲಿಸಲು ಎರಡು ಸಲ ನಿಂತರೆ, ಮರ್ಸಿಡಿಸ್‌ನ ಜಾರ್ಜ್ ರಸೆಲ್ ಒಂದೇ ಸಲ ನಿಂತು ಧೈರ್ಯ ಮಾಡಿ ಗೆದ್ದರು. ರೇಸ್ ಆದಮೇಲೆ ತೂಕಕ್ಕೆ ಹಾಕಿದಾಗ ಕಾರು 798 ಕೆಜಿ ಇತ್ತು. ಕನಿಷ್ಠ ತೂಕ ಅಷ್ಟೇ. ಆದರೆ ಪೆಟ್ರೋಲ್ ಪೂರ್ತಿ ಇಳಿಸಿ ತೂಗಬೇಕು ಅನ್ನುವುದು ನಿಯಮ. ಟ್ಯಾಂಕಿನಿಂದ 2.8 ಲೀಟರ್ ಇಳಿಸಿದರು. ಮುಳ್ಳು 796.5ಕ್ಕೆ ಬಂತು. ಒಂದೂವರೆ ಕೆಜಿಗೆ ಗೆಲುವು ಹೋಯ್ತು. ಅದೇ ತಂಡದ ಲೂಯಿಸ್ ಹ್ಯಾಮಿಲ್ಟನ್‌ಗೆ ಸೇರಿತು. ಒಂದೇ ಜೊತೆ ಟಯರ್‌ನಲ್ಲಿ ಅಷ್ಟು ಲ್ಯಾಪ್ ಓಡಿಸಿದ್ದಕ್ಕೆ ರಬ್ಬರ್ ಸವೆದು ಅಷ್ಟು ತೂಕ ಇಳಿದಿರಬಹುದು ಅನ್ನುವುದು ಮುಖ್ಯ ಕಾರಣವಾಗಿ ಕಂಡಿತು. ಮೋಸ ಯಾರೂ ಮಾಡಿರಲಿಲ್ಲ. ಮೋಸ ಆಯ್ತು ಅಂತ ಯಾರೂ ಹೇಳಲೂ ಇಲ್ಲ. ತಂಡ ತಪ್ಪು ಒಪ್ಪಿಕೊಂಡು ಮನೆಗೆ ಹೋಯ್ತು.

2025ರ ನವೆಂಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಆದದ್ದು ಇನ್ನೂ ಕಠಿಣ. ಎಫ್1 ಕಾರಿನ ಹೊಟ್ಟೆಯ ಕೆಳಗೆ ಒಂದು ಹಲಗೆ ಇರುತ್ತದೆ. ಹೊಸದಿದ್ದಾಗ 10 ಮಿಲಿಮೀಟರ್ ದಪ್ಪ. ಕಾರನ್ನು ನೆಲಕ್ಕೆ ತೀರಾ ಹತ್ತಿರ ಓಡಿಸಬಾರದು ಅಂತ ಇಟ್ಟ ಕಾವಲು ಅದು. ಸವೆದು 9 ಮಿ.ಮೀ.ಗಿಂತ ಕಡಿಮೆಯಾದರೆ ಕಾರು ಔಟ್. ಎರಡನೆಯವರಾಗಿ ಬಂದಿದ್ದ ಲ್ಯಾಂಡೊ ನಾರಿಸ್ ಕಾರಿನ ಹಲಗೆ ಒಂದು ಕಡೆ 8.88 ಇತ್ತು. ಕೊರತೆ 0.12 ಮಿ.ಮೀ. ತಲೆಗೂದಲಿನ ದಪ್ಪಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅವರ ಜೊತೆಗಾರ ಆಸ್ಕರ್ ಪಿಯಾಸ್ಟ್ರಿ ಕಾರಿನದ್ದೂ ಸವೆದಿತ್ತು. ಇಬ್ಬರೂ ಹೊರಗೆ. ಮೆಕ್‌ಲಾರೆನ್ ಆ ವರ್ಷದ ತಂಡಗಳ ಚಾಂಪಿಯನ್. ಬೇಕಂತ ಮಾಡಿದ್ದಲ್ಲ ಅಂತ ಸ್ಟುವರ್ಡ್‌ಗಳೇ (ರೇಸ್‌ನ ತೀರ್ಪುಗಾರರೇ) ಒಪ್ಪಿದರು. ಆದರೂ ನಾರಿಸ್‌ಗೆ ಸಿಗಬೇಕಿದ್ದ 18 ಪಾಯಿಂಟ್ ಹೋಯ್ತು. ಕೊನೆಗೆ ಅವರು ಚಾಂಪಿಯನ್ ಆದದ್ದು ಬರೀ 2 ಪಾಯಿಂಟ್ ಅಂತರದಲ್ಲಿ. ಆ 0.12 ಮಿ.ಮೀ. ಎಷ್ಟು ದುಬಾರಿ ಆಗಬಹುದಿತ್ತು ಅಂತ ಯೋಚನೆ ಮಾಡಿ.

ಇದೇ ನಿಯಮದ ಇನ್ನೊಂದು ಮುಖ ನಮ್ಮೂರಿನವರಿಗೂ ಗೊತ್ತು. ಬೆಂಗಳೂರಿನ ಕುಶ್ ಮೈನಿ 2024ರಲ್ಲಿ ಹಂಗೇರಿಯಲ್ಲಿ ಫಾರ್ಮುಲಾ 2ರ ಸ್ಪ್ರಿಂಟ್ ರೇಸ್ ಗೆದ್ದರಲ್ಲ, ಆ ಸರಣಿಯಲ್ಲಿ ಅವರ ಮೊದಲ ಗೆಲುವು. ಅವತ್ತು ಗೆರೆ ಮೊದಲು ದಾಟಿದ್ದು ರಿಚರ್ಡ್ ವರ್ಸ್ಕೂರ್. ತಪಾಸಣೆಯಲ್ಲಿ ಆ ಕಾರು ನಿಯಮಕ್ಕೆ ಹೊಂದಲಿಲ್ಲ ಅಂತ ಗೆಲುವು ಕುಶ್‌ಗೆ ಬಂತು. ನಾವೆಲ್ಲ ಖುಷಿ ಪಟ್ಟೆವು. ನಿಮ್ಮ ಮಗನಿಂದ ಮೂರನೇ ಸ್ಥಾನ ತೆಗೆದ ನಿಯಮವೇ ಅವತ್ತು ಕುಶ್‌ಗೆ ಮೊದಲ ಸ್ಥಾನ ಕೊಟ್ಟಿತು.

ಹಾಗಾದರೆ ರೆಡ್ ಬುಲ್? ಇಲ್ಲಿಂದ ವಿಷಯ ಎರಡನೇ ಪ್ರಶ್ನೆಗೆ ಹೊರಳುತ್ತದೆ.

2021ರಿಂದ ಎಫ್1 ತಂಡಗಳು ವರ್ಷಕ್ಕೆ ಇಷ್ಟೇ ಖರ್ಚು ಮಾಡಬೇಕು ಅಂತ ಮಿತಿ ಬಂತು. ಮೊದಲ ವರ್ಷವೇ ರೆಡ್ ಬುಲ್ ಅದನ್ನು ಮೀರಿತು. ಮಿತಿ ಸುಮಾರು 11.80 ಕೋಟಿ ಪೌಂಡ್. ಮೀರಿದ್ದು 18.64 ಲಕ್ಷ ಪೌಂಡ್, ಅಂದರೆ 1.6%. ತೆರಿಗೆ ರಿಯಾಯಿತಿ ಒಂದನ್ನು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಂಡಿದ್ದರೆ ಮೀರಿದ ಮೊತ್ತ ಸುಮಾರು 4.3 ಲಕ್ಷ ಪೌಂಡ್ ಆಗುತ್ತಿತ್ತು ಅಂತ ಎಫ್‌ಐಎ ಕೂಡ ಒಪ್ಪಿಕೊಂಡಿತು. ಲೆಕ್ಕದಲ್ಲಿ ತಪ್ಪಿದ ಬಾಬತ್ತುಗಳಲ್ಲಿ ಸಿಬ್ಬಂದಿಯ ಊಟದ ಖರ್ಚೂ ಇತ್ತು. ಶಿಕ್ಷೆ ಏನು? 70 ಲಕ್ಷ ಡಾಲರ್ ದಂಡ, ನಮ್ಮ ದುಡ್ಡಿನಲ್ಲಿ 50 ಕೋಟಿಗೂ ಜಾಸ್ತಿ. ಜೊತೆಗೆ ಒಂದು ವರ್ಷ ಗಾಳಿ ಸುರಂಗದ ಪರೀಕ್ಷೆಯಲ್ಲಿ (ಕಾರಿನ ಮೇಲೆ ಗಾಳಿ ಹಾಯಿಸಿ ವಿನ್ಯಾಸ ನೋಡುವುದು) 10% ಕಡಿತ.

ಇದರ ಬಗ್ಗೆ ಎರಡು ತಪ್ಪು ತಿಳಿವಳಿಕೆ ಬಹಳ ಹಬ್ಬಿವೆ. ನಿಯಮದಲ್ಲಿ ಕಪ್ ಕಿತ್ತುಕೊಳ್ಳಬೇಕು ಅಂತ ಇತ್ತು, ಎಫ್‌ಐಎ ಬಿಟ್ಟುಬಿಟ್ಟಿತು ಅನ್ನುವುದು ಒಂದು. ನಿಜ ಹಾಗಿಲ್ಲ. ಮಿತಿಯನ್ನು 5%ಗಿಂತ ಕಡಿಮೆ ಮೀರಿದರೆ ಸಣ್ಣ ತಪ್ಪು. ಅದಕ್ಕೆ ಬರೀ ಛೀಮಾರಿಯಿಂದ ಹಿಡಿದು ಪಾಯಿಂಟ್ ಕಡಿತದವರೆಗೆ ಉದ್ದದ ಪಟ್ಟಿ ಇತ್ತು. ಇಷ್ಟು ಮೀರಿದರೆ ಇಷ್ಟು ಶಿಕ್ಷೆ ಅಂತ ಕೋಷ್ಟಕ ಇರಲಿಲ್ಲ. ತಂಡ ತಪ್ಪು ಒಪ್ಪಿಕೊಂಡು ಒಪ್ಪಂದಕ್ಕೆ ಬಂದರೆ ಪಾಯಿಂಟ್ ಕಡಿತ ಆ ಪಟ್ಟಿಯಿಂದ ಹೊರಗೆ ಹೋಗುತ್ತಿತ್ತು. ರೆಡ್ ಬುಲ್ ಆ ದಾರಿ ಹಿಡಿಯಿತು.

ಇನ್ನೊಂದು, ಅದು ಶಿಕ್ಷೆಯೇ ಅಲ್ಲ ಅನ್ನುವುದು. ದಂಡದ ದುಡ್ಡು ಅಂಥ ತಂಡಕ್ಕೆ ಭಾರವಲ್ಲ, ಅದು ನಿಜ. ಆ ದಂಡ ಖರ್ಚಿನ ಮಿತಿಯೊಳಗೂ ಬರಲಿಲ್ಲ. ಆದರೆ ಪರೀಕ್ಷೆಯ ಕಡಿತ ಹಗುರ ಅಲ್ಲ. ಚಾಂಪಿಯನ್ ತಂಡಕ್ಕೆ ಮೊದಲೇ ಬೇರೆಯವರಿಗಿಂತ ಕಡಿಮೆ ಪಾಲು, ನಿಗದಿ ಮಾಡಿದ ಪರೀಕ್ಷೆಯ ಪ್ರಮಾಣದಲ್ಲಿ 70% ಮಾತ್ರ. ಈ ಶಿಕ್ಷೆಯಿಂದ ಅದು 63%ಕ್ಕೆ ಇಳಿಯಿತು.

ನನಗೆ ಅಸಮಾಧಾನ ಇರುವುದು ಶಿಕ್ಷೆಯ ಗಾತ್ರದ ಬಗ್ಗೆ ಅಲ್ಲ, ಸಮಯದ ಬಗ್ಗೆ. 2021ರ ಲೆಕ್ಕದ ತೀರ್ಮಾನ ಹೊರಬಿದ್ದದ್ದು 2022ರ ಅಕ್ಟೋಬರ್ 28ಕ್ಕೆ. ಅಷ್ಟರಲ್ಲಿ 2022ರ ಎರಡೂ ಪಟ್ಟಗಳು ರೆಡ್ ಬುಲ್‌ಗೆ ಸೇರಿ ಆಗಿತ್ತು. ನಿಮ್ಮ ಮಗನ ತೀರ್ಮಾನ ಹತ್ತು ನಿಮಿಷದಲ್ಲಿ ಆಯ್ತು. ಇವರದು ಹತ್ತು ತಿಂಗಳು. ಹುಡುಗನ ಹೊಟ್ಟೆಯುರಿಗೆ ಅರ್ಥ ಇದೆ.

ಆದರೂ ಆ ಖರ್ಚಿಗೆ ಅವತ್ತಿನ ಕಪ್ ಕಿತ್ತುಕೊಳ್ಳುವುದು ಸರಿಯಾಗುತ್ತಿತ್ತಾ? ನನ್ನ ಉತ್ತರ, ಇಲ್ಲ. ತೂಕ ಕಡಿಮೆ ಇದ್ದ ಕಾರು ಆ ರೇಸ್‌ನಲ್ಲೇ ಓಡಿದೆ. ಜಾಸ್ತಿ ಖರ್ಚಾದ ದುಡ್ಡು ಯಾವ ರೇಸ್‌ನಲ್ಲಿ, ಯಾವ ಲ್ಯಾಪ್‌ನಲ್ಲಿ, ಎಷ್ಟು ಸೆಕೆಂಡ್ ತಂದುಕೊಟ್ಟಿತು ಅಂತ ಯಾವ ಮೆಷಿನ್ನೂ ತೂಗಿ ಹೇಳುವುದಿಲ್ಲ. ಅದಕ್ಕೇ ಅಂಥ ತಪ್ಪಿಗೆ ಅಳತೆ ಬೇರೆ ಇರಬೇಕು. ಆದರೆ ಆ ಅಳತೆ ಮೊದಲೇ ಬರೆದಿಟ್ಟಿರಬೇಕು. ಆಟ ಮುಗಿದ ಮೇಲೆ ಕೂತು ಮಾತಾಡಿ ಇಳಿಸುವ ದರ ಆಗಬಾರದು.

ಈಗ ಉದ್ದೇಶದ ವಿಷಯ. ಗಾಡಿ ತಪ್ಪಿದ್ದರೆ ಫಲಿತಾಂಶ ಹೋಗಬೇಕು, ಸರಿ. ಅದರ ಮೇಲೆ ಇನ್ನಷ್ಟು ಶಿಕ್ಷೆ ಬೇಕಾ ಅಂತ ತೀರ್ಮಾನಿಸುವಾಗ ನಾವು ನೋಡುವುದು ಒಂದೇ. ಮರೆಮಾಚಿದ್ದರಾ?

ಮರೆಮಾಚುವುದು ಅಂದರೆ ಏನು ಅಂತ ನನಗೆ ಅರ್ಥ ಮಾಡಿಸಿದ್ದು 1995ರ ಟೊಯೋಟಾ ಪ್ರಕರಣ. ಸ್ಪೇನ್‌ನ ಕ್ಯಾಟಲೋನಿಯಾ ರ‍್ಯಾಲಿ. ಆಗ ವಿಶ್ವ ರ‍್ಯಾಲಿ ಕಾರುಗಳ ಟರ್ಬೊಗೆ ಗಾಳಿ ಹೋಗುವ ಬಾಯಿಗೆ 34 ಮಿ.ಮೀ. ಅಗಲದ ಒಂದು ಬಳೆ ಕೂರಿಸಬೇಕಿತ್ತು. ರಿಸ್ಟ್ರಿಕ್ಟರ್ ಅನ್ನುತ್ತೇವೆ. ಎಂಜಿನ್ ಎಷ್ಟು ಉಸಿರಾಡಬೇಕು ಅನ್ನುವುದಕ್ಕೆ ಅದೇ ಮೂಗುದಾರ. ಟೊಯೋಟಾ ತಂಡದವರು ಆ ಬಳೆ ಸ್ವಲ್ಪ ಸರಿಯುವಂತೆ ಮಾಡಿದ್ದರು. ಮೆದುಗೊಳವೆ ಬಿಗಿಯುವಾಗ ಒಂದು ವಿಶೇಷ ಸಲಕರಣೆಯಿಂದ ಅದನ್ನು 5 ಮಿ.ಮೀ. ಹಿಂದಕ್ಕೆ ಎಳೆದು ಕೂರಿಸುವುದು. ಆಗ ಬಳೆಯ ಪಕ್ಕದಿಂದಲೂ ಗಾಳಿ ನುಗ್ಗುತ್ತದೆ. ತಪಾಸಣೆಗೆ ಅಂತ ಮೆದುಗೊಳವೆ ಬಿಚ್ಚಿದ ತಕ್ಷಣ ಒಳಗಿನ ಸ್ಪ್ರಿಂಗು ಬಳೆಯನ್ನು ಟಕ್ ಅಂತ ಸರಿಯಾದ ಜಾಗಕ್ಕೆ ತಳ್ಳುತ್ತದೆ. ನೋಡುವವನ ಕಣ್ಣಿಗೆ ಎಲ್ಲ ಸರಿ. ಗಾಳಿಗೆ ಅಡ್ಡಿಯಾಗದಂತೆ ಒಳಗಿನ ಸ್ಪ್ರಿಂಗುಗಳನ್ನೂ ಪಾಲಿಶ್ ಮಾಡಿದ್ದರು. ಬಿಚ್ಚಿದ ಕೂಡಲೇ ಸಾಕ್ಷಿ ತಾನಾಗೇ ಅಳಿಸಿಹೋಗುವ ವ್ಯವಸ್ಥೆ. ಯಾರೋ ಒಬ್ಬ ಫಿಟ್ಟರ್ ಅದನ್ನು ದಿನಗಟ್ಟಲೆ ಕೂತು ಉಜ್ಜಿರಬೇಕು. ತಪಾಸಣೆ ಮಾಡುವ ನನ್ನಂಥವನಿಗೆ ಅದನ್ನು ಓದಿದಾಗ ಮೈ ಜುಮ್ ಅಂದಿತ್ತು.

ಅದಕ್ಕೆ ಆ ವರ್ಷದ ಪಾಯಿಂಟ್ ಎಲ್ಲ ಹೋಯ್ತು. 12 ತಿಂಗಳು ನಿಷೇಧ ಬಂತು. ನನ್ನ ಲೆಕ್ಕದಲ್ಲಿ ಒಂದು ಚೂರೂ ಜಾಸ್ತಿ ಅಲ್ಲ.

ಇದರ ಪಕ್ಕದಲ್ಲಿ 2005ರ ಬಿಎಆರ್-ಹೋಂಡಾ ಎಫ್1 ತಂಡದ ಪ್ರಕರಣ ಇಡಿ. ಇಟಲಿಯ ಇಮೋಲಾದಲ್ಲಿ ಜೆನ್ಸನ್ ಬಟನ್ ಮೂರನೆಯವರಾಗಿ ಬಂದರು. ಕಾರು 606.1 ಕೆಜಿ ತೂಗಿತು, ಕನಿಷ್ಠ 600. ಪೆಟ್ರೋಲ್ ಇಳಿಸಿದರು. ಆಮೇಲೆ ನೋಡಿದರೆ ಒಳಗೆ ಇನ್ನೂ ಪೆಟ್ರೋಲ್ ಇತ್ತು. ಅದನ್ನೂ ಇಳಿಸಿದಾಗ 594.6. ಎಂಜಿನ್‌ಗೆ ಇಂಧನ ಸರಿಯಾಗಿ ಹರಿಯಲು ಆ ಪೆಟ್ರೋಲ್ ಇರಲೇಬೇಕು, ಹಾಗಾಗಿ ಕಾರು ಟ್ರ್ಯಾಕ್ ಮೇಲೆ ಯಾವತ್ತೂ 600ಕ್ಕಿಂತ ಕೆಳಗೆ ಇಳಿಯುವುದಿಲ್ಲ ಅನ್ನುವುದು ತಂಡದ ವಾದ. ಸ್ಥಳದಲ್ಲಿದ್ದ ಸ್ಟುವರ್ಡ್‌ಗಳು ಒಪ್ಪಿ ಬಿಟ್ಟರು. ಎಫ್‌ಐಎ ಮೇಲ್ಮನವಿಗೆ ಹೋಗಿ, ತಂಡವನ್ನು ಇಡೀ ಚಾಂಪಿಯನ್‌ಶಿಪ್‌ನಿಂದ ಹೊರಹಾಕಿ ಅಂತ ಕೇಳಿತು. ಮೇಲ್ಮನವಿ ನ್ಯಾಯಾಲಯ ನಡುದಾರಿ ಹಿಡಿಯಿತು. ಮೋಸ ಸಾಬೀತಾಗಿಲ್ಲ, ಆದರೆ ಬೇಜವಾಬ್ದಾರಿ ಇದೆ, ಪಾರದರ್ಶಕತೆ ಇಲ್ಲ ಅಂತ ಹೇಳಿತು. ಇಮೋಲಾ ಫಲಿತಾಂಶ ರದ್ದಾಯ್ತು. ಮುಂದಿನ ಎರಡು ರೇಸ್, ಸ್ಪೇನ್ ಮತ್ತು ಮೊನಾಕೊ, ತಂಡ ಆಡುವಂತಿರಲಿಲ್ಲ. ಸಾಬೀತಾದಷ್ಟಕ್ಕೆ ಮಾತ್ರ ಶಿಕ್ಷೆ ಕೊಟ್ಟ ಆ ತೀರ್ಪು ನನಗೆ ಇವತ್ತಿಗೂ ಮೆಚ್ಚುಗೆ.

ದೊಡ್ಡವರಿಗೊಂದು, ಸಣ್ಣವರಿಗೊಂದು ನ್ಯಾಯ ಅನ್ನುವ ನಿಮ್ಮ ಅನುಮಾನ ಪೂರ್ತಿ ಸುಳ್ಳು ಅಂತಲೂ ನಾನು ಹೇಳಲಾರೆ. 1984ರ ಟಿರೆಲ್ ಪ್ರಕರಣ ಇದೆಯಲ್ಲ. ಎಲ್ಲರೂ ಟರ್ಬೊ ಎಂಜಿನ್‌ಗೆ ಹೋದಾಗ ಹಳೆಯ ಕಾಸ್ವರ್ತ್ ಎಂಜಿನ್ ಇಟ್ಟುಕೊಂಡಿದ್ದ ಸಣ್ಣ ತಂಡ ಅದು. ರೇಸ್ ಮುಗಿಯುವ ಹೊತ್ತಿಗೆ ಪಿಟ್‌ಗೆ ಬಂದು ನೀರಿನ ಟ್ಯಾಂಕ್‌ಗೆ ನೀರಿನ ಜೊತೆ ಸೀಸದ ಗುಂಡುಗಳನ್ನೂ ತುಂಬುತ್ತಿದ್ದರು. ಅದರಿಂದ ಕನಿಷ್ಠ ತೂಕ 540 ಕೆಜಿ ಮುಟ್ಟುತ್ತಿತ್ತು. ಡೆಟ್ರಾಯ್ಟ್ ರೇಸ್ ನಂತರ ಸಿಕ್ಕಿಬಿದ್ದರು. ಇಡೀ ವರ್ಷದ ಫಲಿತಾಂಶ ಅಳಿಸಿದರು, ಉಳಿದ ರೇಸ್‌ಗಳಿಂದಲೂ ಹೊರಹಾಕಿದರು. ತಪ್ಪು ಇತ್ತು, ಅದರಲ್ಲಿ ಮಾತಿಲ್ಲ. ಆದರೆ ಆಗಲೇ ಮುಂದಿನ ವರ್ಷದ ಇಂಧನ ಮಿತಿ ಬದಲಾವಣೆಗೆ ಎಲ್ಲ ತಂಡಗಳ ಒಪ್ಪಿಗೆ ಬೇಕಿತ್ತು. ಮಿತಿ ಇನ್ನೂ ಇಳಿಯಬಾರದು ಅನ್ನುವ ಟರ್ಬೊ ತಂಡಗಳ ಆಸೆಗೆ ಅಡ್ಡ ನಿಂತಿದ್ದು ಟಿರೆಲ್ ಒಂದೇ. ತಂಡ ಹೊರಗೆ ಹೋದ ಮೇಲೆ ಆ ಅಡ್ಡಿಯೂ ಹೋಯ್ತು. ಹಾಗಾಗಿ ಆ ಶಿಕ್ಷೆಗೆ ಅಂಟಿದ ಅನುಮಾನ ನಲವತ್ತು ವರ್ಷವಾದರೂ ತೊಳೆದಿಲ್ಲ. ಶಿಕ್ಷೆ ಕೊಡುವವರಿಗೆ ಶಿಕ್ಷೆಯಿಂದ ಲಾಭ ಇದ್ದರೆ, ಎಷ್ಟೇ ಸರಿಯಾದ ತೀರ್ಪೂ ಕೊಳಕಾಗಿ ಕಾಣುತ್ತದೆ.

ಯಾರಿಗೆ ಶಿಕ್ಷೆ ಮುಟ್ಟಬೇಕು ಅನ್ನುವುದು ಇನ್ನೂ ಕಗ್ಗಂಟು. 2007ರಲ್ಲಿ ಫೆರಾರಿಯ ಸುಮಾರು 780 ಪುಟದ ತಾಂತ್ರಿಕ ದಾಖಲೆಗಳು ಮೆಕ್‌ಲಾರೆನ್‌ನ ಮುಖ್ಯ ವಿನ್ಯಾಸಕ ಮೈಕ್ ಕಾಗ್ಲನ್ ಮನೆಯಲ್ಲಿ ಸಿಕ್ಕಿದವು. ಅದು ಬಯಲಾದದ್ದು ಹೇಗೆ ಗೊತ್ತಾ? ಅವರ ಹೆಂಡತಿ ಆ ಪುಟಗಳನ್ನು ಇಂಗ್ಲೆಂಡ್‌ನ ಒಂದು ಜೆರಾಕ್ಸ್ ಅಂಗಡಿಗೆ ಕೊಟ್ಟರು. ಅಂಗಡಿಯವನಿಗೆ ಅನುಮಾನ ಬಂದು ಫೆರಾರಿಗೆ ಇಮೇಲ್ ಮಾಡಿದ. ಜುಲೈನಲ್ಲಿ ನಡೆದ ಮೊದಲ ವಿಚಾರಣೆಯಲ್ಲಿ ತಪ್ಪು ಇದೆ ಅಂದರೂ ಶಿಕ್ಷೆ ಕೊಡಲಿಲ್ಲ. ಆಮೇಲೆ ಚಾಲಕರ ನಡುವಿನ ಇಮೇಲ್‌ಗಳು ಹೊರಬಂದವು. ಸೆಪ್ಟೆಂಬರ್‌ನಲ್ಲಿ 10 ಕೋಟಿ ಡಾಲರ್ ದಂಡ ಬಿತ್ತು, ತಂಡದ ಪಾಯಿಂಟ್ ಪೂರ್ತಿ ಹೋಯ್ತು. ಚಾಲಕರ ಪಾಯಿಂಟ್ ಮಾತ್ರ ಹಾಗೇ ಉಳಿಯಿತು. ಸಾಕ್ಷಿ ಕೊಟ್ಟರೆ ನಿಮ್ಮನ್ನು ಮುಟ್ಟುವುದಿಲ್ಲ ಅಂತ ಅವರಿಗೆ ಮಾತು ಕೊಡಲಾಗಿತ್ತು. ಕಾರು ಅದೇ, ಪಾಯಿಂಟ್ ಒಂದು ಕಡೆ ಇದೆ, ಇನ್ನೊಂದು ಕಡೆ ಇಲ್ಲ. ವಿಚಿತ್ರ ಅನ್ನಿಸುತ್ತೆ ಅಲ್ವಾ? ಆದರೆ ಆ ಮಾತು ಕೊಡದೇ ಇದ್ದಿದ್ದರೆ ಇಮೇಲ್‌ಗಳು ಕೈಗೆ ಬರುವುದು ಕಷ್ಟವಿತ್ತು.

2008ರ ಸಿಂಗಾಪುರ ಇದಕ್ಕಿಂತ ಕೆಟ್ಟದ್ದು. ರೆನೋ ತಂಡ ನೆಲ್ಸನ್ ಪಿಕೆ ಜೂನಿಯರ್ ಕೈಯಲ್ಲಿ ಬೇಕಂತಲೇ ಗೋಡೆಗೆ ಗುದ್ದಿಸಿತು, ಜೊತೆಗಾರ ಫರ್ನಾಂಡೊ ಅಲೊನ್ಸೊ ಗೆಲ್ಲಲಿ ಅಂತ. ಅಪಘಾತವಾದರೆ ಎಲ್ಲರ ವೇಗ ಇಳಿಸುವ ಸೇಫ್ಟಿ ಕಾರ್ ಬರುತ್ತದೆ, ಅಷ್ಟರಲ್ಲೇ ಪಿಟ್‌ಗೆ ಹೋಗಿ ಬಂದಿದ್ದ ಅಲೊನ್ಸೊಗೆ ಅದು ಲಾಭ. ಅಲೊನ್ಸೊ 15ನೇ ಜಾಗದಿಂದ ಹೊರಟು ಗೆದ್ದರು. ಅವರಿಗೆ ಈ ವಿಷಯ ಗೊತ್ತಿತ್ತು ಅಂತ ಸಾಬೀತಾಗಲಿಲ್ಲ. ಗೋಡೆಗೆ ಗುದ್ದುವಾಗ ಟ್ರ್ಯಾಕ್ ಪಕ್ಕದಲ್ಲಿ ಮಾರ್ಷಲ್‌ಗಳಿದ್ದರು, ಬೇಲಿಯ ಆಚೆ ಜನರಿದ್ದರು. ಜೀವದ ಜೊತೆ ಆಡಿದ್ದು ಅದು. ಮರುವರ್ಷ ಶಿಕ್ಷೆ ಬಂದಾಗ ರೆನೋಗೆ ಸಿಕ್ಕಿದ್ದು ಎರಡು ವರ್ಷದ ಅಮಾನತಿನ ತೀರ್ಪು. ಅಂದರೆ ಮತ್ತೆ ಇಂಥ ತಪ್ಪು ಮಾಡಿದರೆ ಮಾತ್ರ ಹೊರಗೆ. ತಂಡದ ಮುಖ್ಯಸ್ಥ ಫ್ಲಾವಿಯೊ ಬ್ರಿಯಾಟೋರೆಗೆ ಕಾಲಮಿತಿಯಿಲ್ಲದ ನಿಷೇಧ. ಅದನ್ನೂ 2010ರ ಜನವರಿಯಲ್ಲಿ ಫ್ರಾನ್ಸ್‌ನ ನ್ಯಾಯಾಲಯ ರದ್ದು ಮಾಡಿತು. ವಿಚಾರಣೆ ನಡೆಸಿದ ರೀತಿ ಸರಿಯಿಲ್ಲ ಅನ್ನುವುದು ಕಾರಣ. ಸಿಟ್ಟಿನಲ್ಲಿ ದೊಡ್ಡ ಶಿಕ್ಷೆ ಬರೆದು, ವಿಧಾನದಲ್ಲಿ ಎಡವಿದರೆ ಹೀಗೇ ಆಗುತ್ತದೆ. ಅವತ್ತಿನ ರೇಸ್ ಫಲಿತಾಂಶ ಇವತ್ತಿಗೂ ಹಾಗೇ ಇದೆ. ಆ ರೇಸ್‌ನಲ್ಲಿ ಮುಂದಿದ್ದು ಕೊನೆಗೆ ಪಾಯಿಂಟ್ ಸಿಗದೆ ಹೋದ ಫೆಲಿಪೆ ಮಾಸಾ ಆ ವರ್ಷ ಒಂದೇ ಪಾಯಿಂಟ್‌ನಿಂದ ಚಾಂಪಿಯನ್‌ಶಿಪ್ ಕಳೆದುಕೊಂಡರು. ಅವರ ಸಂಕಟಕ್ಕೆ ನನ್ನ ಹತ್ತಿರವೂ ಸಮಾಧಾನ ಇಲ್ಲ.

ಆದರೆ ನನಗೆ ಎಲ್ಲಕ್ಕಿಂತ ನೋವು ಕೊಟ್ಟದ್ದು ಶಿಕ್ಷೆ ಕೊಟ್ಟ ಪ್ರಕರಣ ಯಾವುದೂ ಅಲ್ಲ. 2019ರಲ್ಲಿ ಫೆರಾರಿ ಎಂಜಿನ್ ಬಗ್ಗೆ ಎದ್ದ ಅನುಮಾನ. ನೇರ ದಾರಿಯಲ್ಲಿ ಆ ಕಾರಿನ ವೇಗ ನೋಡಿ ಎಲ್ಲರಿಗೂ ಆಶ್ಚರ್ಯ. ಗಂಟೆಗೆ 100 ಕೆಜಿ ಅನ್ನುವ ಇಂಧನ ಹರಿವಿನ ಮಿತಿಯನ್ನು ಹೇಗೋ ದಾಟುತ್ತಿದ್ದಾರೆ ಅನ್ನುವುದು ಎದುರಾಳಿಗಳ ಗುಮಾನಿ. 2020ರ ಫೆಬ್ರವರಿ 28ರಂದು, ಬಾರ್ಸಿಲೋನಾದ ಪರೀಕ್ಷೆ ಮುಗಿಯುವ ಹೊತ್ತಿಗೆ, ಫೆರಾರಿ ಜೊತೆ ಒಪ್ಪಂದವಾಗಿದೆ, ವಿವರ ಹೇಳುವುದಿಲ್ಲ ಅಂತ ಎಫ್‌ಐಎ ಒಂದು ಪುಟ್ಟ ಪ್ರಕಟಣೆ ಕೊಟ್ಟು ಮುಗಿಸಿತು. ಏಳು ತಂಡಗಳು ಸಿಟ್ಟಿಗೆದ್ದವು. ಆ ವರ್ಷ ಫೆರಾರಿ ಒಂದೂ ರೇಸ್ ಗೆಲ್ಲಲಿಲ್ಲ, ಆರನೇ ಸ್ಥಾನಕ್ಕೆ ಕುಸಿಯಿತು. ಜನ ತಮಗೆ ತೋಚಿದ್ದನ್ನು ಅಂದುಕೊಂಡರು. ತಪ್ಪು ಮಾಡಿದ್ದರೆ ಬೇರೆಯವರಿಗೆ ಅನ್ಯಾಯ. ಮಾಡಿಲ್ಲದಿದ್ದರೆ ಫೆರಾರಿಗೇ ಅನ್ಯಾಯ, ಯಾಕಂದರೆ ಹೆಸರು ತೊಳೆದುಕೊಳ್ಳುವ ದಾರಿಯೇ ಇಲ್ಲ. ಶಿಕ್ಷೆ ಕಡಿಮೆ ಆದರೆ ಜನ ಬೈದು ಮರೆಯುತ್ತಾರೆ. ಬಾಗಿಲು ಮುಚ್ಚಿ ಮುಗಿಸಿದರೆ ಮರೆಯುವುದಿಲ್ಲ.

ಇನ್ನೊಂದು ಉದಾಹರಣೆ ಬೇಗ ಹೇಳಿಬಿಡುತ್ತೇನೆ. ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ 2018ರಲ್ಲಿ ಕೈ ಬದಲಾಗಿ ರೇಸಿಂಗ್ ಪಾಯಿಂಟ್ ಆಯ್ತಲ್ಲ, ಆ ತಂಡ 2020ರಲ್ಲಿ ಮರ್ಸಿಡಿಸ್‌ನ ಹಿಂದಿನ ವರ್ಷದ ಬ್ರೇಕ್ ಡಕ್ಟ್ (ಬ್ರೇಕ್‌ಗೆ ಗಾಳಿ ಹಾಯಿಸುವ ಕೊಳವೆ) ವಿನ್ಯಾಸ ಬಳಸಿ ಸಿಕ್ಕಿಬಿತ್ತು. 15 ಪಾಯಿಂಟ್ ಕಡಿತ, 4 ಲಕ್ಷ ಯೂರೋ ದಂಡ. ಆದರೆ ಅದೇ ಡಕ್ಟ್ ಇಟ್ಟುಕೊಂಡು ವರ್ಷಪೂರ್ತಿ ಓಡಿಸಲು ಬಿಟ್ಟರು. ಇದೇನು ಶಿಕ್ಷೆ ಅಂತ ಎಲ್ಲರೂ ಕೇಳಿದರು. ವರ್ಷದ ಕೊನೆಗೆ ಮೆಕ್‌ಲಾರೆನ್ 202, ರೇಸಿಂಗ್ ಪಾಯಿಂಟ್ 195. ಆ 15 ಇದ್ದಿದ್ದರೆ ಮೂರನೇ ಸ್ಥಾನ, ಅದರ ಜೊತೆ ಬರುವ ದೊಡ್ಡ ದುಡ್ಡು, ಎರಡೂ ಅವರದೇ. ಕೊಟ್ಟ ದಿನ ಹಗುರ ಅನ್ನಿಸಿದ ಶಿಕ್ಷೆ ಕೊನೆಗೆ ಎಷ್ಟು ತೂಗುತ್ತದೆ ಅಂತ ಅವತ್ತೇ ಹೇಳಲಾಗದು.

ಈಗ ನಿಮ್ಮ ವಿಷಯಕ್ಕೆ ಬರೋಣ.

ತೂಕದ ತೀರ್ಮಾನದ ವಿರುದ್ಧ ಮೇಲ್ಮನವಿಗೆ ಹೋಗಬೇಡಿ. ಮೆಷಿನ್ ಸರಿಯಿರಲಿಲ್ಲ ಅನ್ನುವುದಕ್ಕೆ ಗಟ್ಟಿ ಆಧಾರ ಇದ್ದರೆ ಮಾತು ಬೇರೆ. ಎರಡು ಸಲ ತೂಗಿದರಾ, ಮೆಷಿನ್ ಸಮತಟ್ಟಾದ ನೆಲದ ಮೇಲೆ ಇತ್ತಾ, ಬೇರೆ ಗಾಡಿಗಳೂ ಅವತ್ತು ಅಷ್ಟೇ ಕಡಿಮೆ ತೋರಿಸಿದವಾ, ಇದನ್ನು ಕೇಳಿ. ಇದು ಯಾವುದೂ ಇಲ್ಲದಿದ್ದರೆ ದುಡ್ಡು ವ್ಯರ್ಥ. ಮೇಲ್ಮನವಿಯಲ್ಲಿ ಶಿಕ್ಷೆ ಜಾಸ್ತಿ ಆಗುವ ಅಪಾಯವೂ ಇದೆ. 1994ರಲ್ಲಿ ಬ್ರೆಜಿಲ್‌ನಲ್ಲಿ ಎಡ್ಡಿ ಅರ್ವೈನ್‌ಗೆ ಒಂದು ರೇಸ್ ನಿಷೇಧ ಬಿತ್ತು. ಮೇಲ್ಮನವಿ ಹಾಕಿದರು. ಅದು ಮೂರು ರೇಸ್ ಆಯ್ತು.

ಎಂಜಿನ್ ಸೀಲ್ ವಿಷಯ ಬೇರೆ. ಅದಕ್ಕೆ ನಿಯಮದಲ್ಲೇ ದಾರಿ ಇದೆ, ಲಿಖಿತ ಪ್ರತಿಭಟನೆ. ಆದರೆ ಸಮಯ ಬಹಳ ಕಡಿಮೆ. ಅಂತರರಾಷ್ಟ್ರೀಯ ನಿಯಮದಲ್ಲಿ ತಾತ್ಕಾಲಿಕ ಫಲಿತಾಂಶ ಹಾಕಿದ 30 ನಿಮಿಷದೊಳಗೆ ಕೊಡಬೇಕು. 2022ರಲ್ಲಿ ಆಸ್ಟಿನ್‌ನಲ್ಲಿ ಹಾಸ್ ತಂಡ ಅಲೊನ್ಸೊ ಕಾರಿನ ಕನ್ನಡಿ ಬಿದ್ದುಹೋದ ಬಗ್ಗೆ 24 ನಿಮಿಷ ತಡವಾಗಿ ದೂರು ಕೊಟ್ಟಿತು. ಮೊದಲು ಅಲೊನ್ಸೊಗೆ 30 ಸೆಕೆಂಡ್ ದಂಡ ಬಿತ್ತು. ಆಮೇಲೆ ಆ ದಂಡವೇ ರದ್ದಾಯ್ತು. ಒಂದು ಹಾಳೆಯ ಮೇಲೆ ಕೈಯಲ್ಲಿ ಬರೆದು ಸಮಯಕ್ಕೆ ಕೊಡಬಹುದಿತ್ತಲ್ಲ ಅಂತ ಸ್ಟುವರ್ಡ್‌ಗಳು ಹೇಳಿದರು. ನಿಮ್ಮ ರೇಸ್‌ನ ಆ ಅರ್ಧ ಗಂಟೆ ಕಳೆದುಹೋಗಿದೆ. ಹಾಗಾಗಿ ಆ ಫಲಿತಾಂಶವನ್ನು ಕೈಬಿಡಿ.

ಮುಂದಿನ ರೇಸ್‌ಗೆ ಎರಡು ದಾರಿ ಇವೆ. ರೇಸ್‌ಗೆ ಮೊದಲೇ ಮುಖ್ಯ ಸ್ಕ್ರೂಟಿನಿಯರ್ ಹತ್ತಿರ ಹೋಗಿ, ಯಾರ ಹೆಸರೂ ಎತ್ತದೆ, ಮೊದಲ ಐದು ಗಾಡಿಗಳ ಸೀಲ್ ನಂಬರ್ ನೋಡುತ್ತೀರಾ ಅಂತ ಕೇಳಬಹುದು. ನಾನು ಆ ಜಾಗದಲ್ಲಿದ್ದಾಗ ಇಂಥ ಮಾತಿಗೆ ಯಾವತ್ತೂ ಬೇಸರ ಪಟ್ಟಿಲ್ಲ. ತಂತಿಯಲ್ಲಿ ಪೋಣಿಸಿದ ಸೀಸದ ಗುಂಡು, ಅದರ ಮೇಲೆ ಒತ್ತಿದ ನಂಬರ್. ಬಿಚ್ಚಿ ಮತ್ತೆ ಕಟ್ಟಿದ್ದರೆ ಬೆರಳು ತಾಗಿಸಿದರೇ ಗೊತ್ತಾಗುತ್ತದೆ, ತಂತಿ ಬಾಗಿದ ಕಡೆ ಎರಡನೇ ಮಡಿಕೆ ಇರುತ್ತದೆ. ಈ ದಾರಿಯಲ್ಲಿ ನಿಮಗೆ ಖರ್ಚಿಲ್ಲ, ಜಗಳವಿಲ್ಲ. ಆದರೆ ನೋಡಲೇಬೇಕು ಅಂತ ಅವರನ್ನು ಕಟ್ಟಿಹಾಕುವ ಶಕ್ತಿಯೂ ನಿಮಗಿಲ್ಲ.

ಇನ್ನೊಂದು ಲಿಖಿತ ಪ್ರತಿಭಟನೆ. ಯಾವ ಗಾಡಿ, ಯಾವ ಭಾಗ, ಯಾವ ನಿಯಮ ಅಂತ ಬರೆದು ಶುಲ್ಕ ಕಟ್ಟಬೇಕು. ಎಂಜಿನ್ ಬಿಚ್ಚಬೇಕಾದರೆ ಅದರ ಖರ್ಚಿಗೂ ಠೇವಣಿ ಕೇಳಬಹುದು. ನಿಮ್ಮ ಮಾತು ನಿಜವಾದರೆ ದುಡ್ಡು ವಾಪಸ್. ಸುಳ್ಳಾದರೆ ಹೋಯ್ತು. ಜೊತೆಗೆ ಇನ್ನೊಬ್ಬ 13 ವರ್ಷದ ಹುಡುಗ ಎಲ್ಲರ ಮುಂದೆ ಕಳ್ಳನ ಹಾಗೆ ನಿಂತಿರುತ್ತಾನೆ. ಎಂಜಿನ್ ಮುಟ್ಟಿದ್ದು ಅವನಲ್ಲ, ದೊಡ್ಡವರು. ಅದು ನೆನಪಿರಲಿ. ನೀವೇ ಕಣ್ಣಾರೆ ಏನಾದರೂ ಕಂಡಿದ್ದರೆ ಮಾತ್ರ ಈ ದಾರಿಗೆ ಹೋಗಿ. ಬರೀ ಪ್ಯಾಡಾಕ್ ಮಾತು ನಂಬಿ ಹೋಗಬೇಡಿ. ವಾಟ್ಸಾಪ್ ಗುಂಪಿನಲ್ಲಂತೂ ಹೆಸರು ಹಾಕಲೇಬೇಡಿ.

ಈಗ ಆ 700 ಗ್ರಾಂ. ಒಮ್ಮೆ ಕೊಯಮತ್ತೂರಿನ ಟ್ರ್ಯಾಕ್‌ನಲ್ಲಿ ಒಬ್ಬ ಹುಡುಗನ ಗಾಡಿ ಹೀಗೇ ಕಡಿಮೆ ತೂಗಿತು. ಅಪ್ಪ ಮೂರನೇ ತಿರುವಿನಿಂದ ಓಡಿ ಬರುತ್ತಿದ್ದರು, ಕೈಯಲ್ಲಿ ಒಂದು ಸೀಸದ ತುಂಡು. ತೂಕ ಸರಿದೂಗಿಸಲು ಸೀಟಿಗೆ ಬಿಗಿದಿದ್ದ ಸೀಸ ಅದು, ಬೋಲ್ಟ್ ಸಡಿಲವಾಗಿ ಟ್ರ್ಯಾಕ್ ಮೇಲೆ ಬಿದ್ದಿತ್ತು. ಇನ್ನೂ ಬಿಸಿಯಿತ್ತು. ಅದನ್ನು ಲೆಕ್ಕಕ್ಕೆ ಸೇರಿಸಲು ನಮಗೆ ಅಧಿಕಾರ ಇರಲಿಲ್ಲ. ಹಿಂದೆ ಬರುತ್ತಿದ್ದ ಮಗುವಿನ ಹೆಲ್ಮೆಟ್‌ಗೆ ಅದು ಬಡಿದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ ನನಗೆ ಅವತ್ತು ನಿದ್ದೆ ಬರಲಿಲ್ಲ. ನಿಮ್ಮ ಗಾಡಿಯ ಸೀಸವೆಲ್ಲ ಇದೆಯಾ ಅಂತ ಮೊದಲು ನೋಡಿ. ಬೋಲ್ಟ್‌ಗೆ ಎರಡು ನಟ್ ಹಾಕಿ.

ಆಮೇಲೆ ಮಗನನ್ನು ಸೂಟು, ಹೆಲ್ಮೆಟ್, ಶೂ ಸಮೇತ ಗಾಡಿಯಲ್ಲಿ ಕೂರಿಸಿ, ಟ್ಯಾಂಕ್ ಪೂರ್ತಿ ಖಾಲಿ ಮಾಡಿ ತೂಗಿ. ಅಭ್ಯಾಸದ ದಿನ ರೇಸ್‌ನಷ್ಟೇ ಲ್ಯಾಪ್ ಓಡಿಸಿ ಇನ್ನೊಮ್ಮೆ ತೂಗಿ. ಬಿಸಿಲಲ್ಲಿ ಬೆವರು ಹೋಗುತ್ತದೆ, ಟಯರ್ ಸವೆಯುತ್ತದೆ. ಎರಡರ ವ್ಯತ್ಯಾಸ ಬರೆದಿಟ್ಟುಕೊಂಡು, ಕನಿಷ್ಠ ತೂಕಕ್ಕೆ ಆ ವ್ಯತ್ಯಾಸ ಸೇರಿಸಿ, ಅದರ ಮೇಲೆ ಇನ್ನೊಂದು ಕೆಜಿ ಇಡಿ. ಈ ತೂಗುವ ಕೆಲಸ ನೀವು ಮಾಡಬೇಡಿ, ಅವನ ಕೈಯಲ್ಲೇ ಮಾಡಿಸಿ, ಅವನೇ ಪುಸ್ತಕದಲ್ಲಿ ಬರೆಯಲಿ. ಬರೆಯುವಾಗ ರಸೆಲ್ ಕಥೆ ಹೇಳಿ.